ಅಕ್ಕನ ಬಾಯಲ್ಲಿ ಭಾವನ ಹೆಸರು

ನೀರಿನ ಮೇಲೆ ಪವಡಿಸಿ ನೆಲವನ್ನು ಕಾಯುವ ಭಗವಂತನಿಗೆ ಮೊದಲು ನನ್ನ ಕೃತಜ್ಞತೆ. ಹುಟ್ಟಿದೂರಿನ ಹೊಳೆಯಿಂದ ಇಷ್ಟು ದೂರ ಬಂದ ಮೇಲೂ, ಅರ್ಘ್ಯ ಕೊಡುವುದಕ್ಕೆ ಬೊಗಸೆಯಷ್ಟು ನೀರನ್ನು ಅವನು ನನಗೆ ಕರುಣಿಸಿದ್ದಾನೆ. ಅಕ್ಷರವನ್ನು ತಿದ್ದಿಸಿ ಶಾಸ್ತ್ರವನ್ನು ಪಾಠ ಹೇಳಿದ ಗುರುಗಳಿಗೆ ನಮಸ್ಕಾರ. ಅವರಿಗಿಂತ ಮೊದಲೇ ನನ್ನ ಕೈಹಿಡಿದು ನಡೆಸಿದ ಅಕ್ಕನಿಗೆ ನಮಸ್ಕಾರ. ನಾನು ಬರೆಯಲು ಕುಳಿತಿರುವುದು ಅವಳ ವಿಷಯವನ್ನೇ.

ಕಳೆದ ದಶಕದ ನಡುವಿನ ಒಂದು ಆಷಾಢ. ನಮ್ಮಲ್ಲಿ ಮಳೆಗಾಲವಾದರೆ ಆಸ್ಟ್ರೇಲಿಯಾದಲ್ಲಿ ಅದು ಚಳಿಗಾಲ. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಮಗಳ ಮನೆಯಲ್ಲಿದ್ದ ನನಗೆ ಪರ್ತ್‌ನಿಂದ ಅಕ್ಕನ ಮಗಳು ಫೋನ್ ಮಾಡಿದಳು. ಅವಳು ಅಲ್ಲಿ ವೈದ್ಯೆ.

"ಮಾಮ, ಅಪ್ಪಂಗೆ ನೀವೇ ಸ್ವಲ್ಪ ಹೇಳಿ. ಅಮ್ಮ ಅವರನ್ನ ನೋಡಿದ್ರೆ ಹೆದರ್ಕೋತಾಳೆ. ಮೊನ್ನೆ ಬಾತ್‌ರೂಮ್ ಲಾಕ್ ಮಾಡ್ಕೊಂಡು ಕೂತ್ಬಿಟ್ಟಿದ್ಲಂತೆ. ಇಲ್ಲಿ ನಮ್ಮನೆ ಹತ್ರಾನೇ ಒಳ್ಳೇ ಕೇರ್ ಹೋಮ್ ಇದೆ, ರೂಮೂ ಸಿಕ್ಕಿದೆ. ಅಪ್ಪ ಆಗೋದೇ ಇಲ್ಲ ಅಂತಾರೆ."

ಅಕ್ಕನಿಗೆ ಮರೆವಿನ ರೋಗ ಹತ್ತಿ ಕೆಲವು ವರ್ಷಗಳಾಗಿದ್ದವು. ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ವೈದ್ಯರಾಗಿದ್ದು ನಿವೃತ್ತರಾದ ಭಾವನಿಗೆ ಆ ರೋಗದ ನಡೆ ತಿಳಿಯದ್ದಲ್ಲ. ಆದರೂ ಅವರು ಒಂದು ಮಾತನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಪರೀಕ್ಷೆಗೆ ಹೋದಾಗ ಅಲ್ಲಿನ ಯುವ ವೈದ್ಯೆ, "ನಿಮ್ಮ ಗಂಡನ ಹೆಸರೇನು?" ಎಂದು ಅಕ್ಕನನ್ನು ಕೇಳಿದ್ದಳು. ಅಕ್ಕ ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಸುಮ್ಮನೆ ನಕ್ಕಳು. ಮರೆತಿದ್ದಾರೆ ಎಂದು ವೈದ್ಯೆ ತೀರ್ಮಾನಿಸಿದಳು.

ನಮ್ಮ ಮನೆಗಳ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಹೇಳಿದರೆ ಅವನ ಆಯುಸ್ಸು ಕುಗ್ಗುವುದೆಂಬ ನಂಬಿಕೆ. ಅಕ್ಕನಂತೂ ಈ ವಿಷಯದಲ್ಲಿ ಬಹಳ ಗಟ್ಟಿ. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಗೋತ್ರ ಹೇಳುತ್ತಿದ್ದಳು, ನಕ್ಷತ್ರ ಹೇಳುತ್ತಿದ್ದಳು, ಹೆಸರಿನ ಹೊತ್ತಿಗೆ ಮಗಳನ್ನು ಮುಂದಕ್ಕೆ ತಳ್ಳುತ್ತಿದ್ದಳು. ಬ್ಯಾಂಕಿನಲ್ಲಿ ಕೇಳಿದರೆ ಕಾಗದದ ಮೇಲೆ ಬರೆದು ತೋರಿಸುತ್ತಿದ್ದಳು. ಮನೆಯಲ್ಲಿ "ರೀ", ಪರರೆದುರು "ನಮ್ಮನೆಯವರು". ಮದುವೆಯಾದಂದಿನಿಂದ ಅಷ್ಟೇ.

ಭಾವ ಫೋನಿನಲ್ಲಿ ನನಗೆ ಹೇಳಿದ್ದೂ ಅದನ್ನೇ. "ಅವಳು ಮರೆತಿಲ್ಲ ಕಣಯ್ಯ, ಹೇಳ್ತಾ ಇಲ್ಲ, ಅಷ್ಟೆ. ಆ ಹುಡುಗಿಗೆ ನಮ್ಮ ಪದ್ಧತಿ ಏನು ಗೊತ್ತು? ನೀನು ಬಾ. ಬೋಟಲ್ಲಿ ಹೋಗೋಣ. ಆ ನೀರು, ಆ ದ್ವೀಪ ನೋಡಿದ್ರೆ ಅವಳು ಸರಿಹೋಗ್ತಾಳೆ."

ಕೊನೆಗೆ ತಂದೆಗೂ ಮಗಳಿಗೂ ಒಂದು ಒಪ್ಪಂದವಾಯಿತು. ಭಾವ ಯಾರೆಂದು ಅಕ್ಕನಿಗೆ ತಿಳಿದಿದೆಯೆಂದು ಈ ಪ್ರಯಾಣದಲ್ಲಿ ಕಂಡುಬಂದರೆ ಅವಳು ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆಯ ತಮ್ಮ ಮನೆಯಲ್ಲಿಯೇ ಉಳಿಯತಕ್ಕದ್ದು. ಇಲ್ಲವಾದರೆ ಭಾವನೇ ಅವಳನ್ನು ಪರ್ತ್‌ಗೆ ಕರೆದುಕೊಂಡು ಹೋಗತಕ್ಕದ್ದು. ಸಾಕ್ಷಿಗೆ ನಾನು.

ಆ ದೋಣಿಯನ್ನು ಭಾವ ನಿವೃತ್ತಿಯ ವರ್ಷ ಕೊಂಡಿದ್ದರು. ಎರಡು ಸಣ್ಣ ಕೋಣೆ, ಒಂದು ಒಲೆ, ಚುಕ್ಕಾಣಿಯ ಪಕ್ಕದಲ್ಲಿ ಅಕ್ಕನ ಕುರ್ಚಿ. ಪ್ರತಿ ಚಳಿಗಾಲದಲ್ಲೂ ಅವರಿಬ್ಬರೂ ಕೊಲ್ಲಿಯನ್ನು ದಾಟಿ, ಮೊರೆಟನ್ ದ್ವೀಪದ ಮರೆಯಲ್ಲಿ ತಂಗಿ, ಬ್ರೈಬಿ ದ್ವೀಪಕ್ಕೂ ನೆಲಕ್ಕೂ ನಡುವೆ ಕೆರೆಯಂತೆ ನಿಂತ ಹಿನ್ನೀರಿನಲ್ಲಿ ಉತ್ತರಕ್ಕೆ ಹೋಗುತ್ತಿದ್ದರು. ದಂಡೆಯ ಸಣ್ಣ ಊರುಗಳಲ್ಲಿ ಇಳಿದು ಹಾಲು, ತರಕಾರಿ ಕೊಂಡು ಮುಂದೆ ಸಾಗುವುದು ರೂಢಿ. ದಾರಿ ತೋರಿಸಲು ನೀರಿನಲ್ಲಿ ನೆಟ್ಟ ಕೆಂಪು, ಹಸುರು ಕಂಬಗಳನ್ನು ದೂರದಿಂದಲೇ ಗುರುತಿಸಿ ಕೂಗಿ ಹೇಳುವುದು ಅಕ್ಕನ ಕೆಲಸ. ಅವಳ ಕಣ್ಣನ್ನು ನಂಬಿ ತಾವು ದೋಣಿ ನಡೆಸುವುದೆಂದು ಭಾವ ಹೇಳುತ್ತಿದ್ದರು.

ಹೊರಟ ದಿನ ಕೊಲ್ಲಿ ಶಾಂತವಾಗಿತ್ತು. ಅಕ್ಕ ಶಾಲು ಹೊದ್ದು ತನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಬಂದರಿನ ಬಾಯಿ ದಾಟಿ ಬಹಳ ಹೊತ್ತಾದ ಮೇಲೆ ಒಮ್ಮೆಗೇ ಕೈ ಚಾಚಿ, "ರೀ, ಅಲ್ಲಿ ಕೆಂಪು!" ಎಂದಳು.

ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಕೆಂಪಿನತ್ತ ನೋಡುವ ಬದಲು ಅವಳತ್ತಲೇ ನೋಡುತ್ತಿದ್ದುದರಿಂದ ದೋಣಿ ಆ ಕಂಬಕ್ಕೆ ತೀರ ಹತ್ತಿರ ಹೋಯಿತು.

ಆದರೆ ಮೊರೆಟನ್ ದ್ವೀಪದ ಬಳಿ ಲಂಗರು ಹಾಕಿದಾಗ ಪಶ್ಚಿಮದ ಗಾಳಿ ಎದ್ದು ದೋಣಿ ತೊಟ್ಟಿಲಿನಂತೆ ತೂಗತೊಡಗಿತು. ಅಕ್ಕ ಹೆದರಿ ಕೋಣೆಯೊಳಗೆ ಸೇರಿಕೊಂಡಳು. ಕಂಬಳಿ ಕೊಡಲು ಭಾವ ಬಾಗಿಲು ತೆರೆದರೆ, "ಹೊರಗಿನ ಗಂಡಸರು ಒಳಗೆ ಬರಬಾರದು. ನಮ್ಮನೆಯವರು ಬಂದ್ರೆ ಬೇಜಾರು ಮಾಡ್ಕೋತಾರೆ" ಎಂದು ಬಾಗಿಲನ್ನು ಒತ್ತಿ ಹಿಡಿದಳು. ಭಾವ ಆ ಕಂಬಳಿಯನ್ನು ನನ್ನ ಕೈಗೆ ಕೊಟ್ಟು, ತಾವು ಚುಕ್ಕಾಣಿಯ ಬಳಿಯ ಬೆಂಚಿನ ಮೇಲೆ ಮಲಗಿದರು.

"ಕನ್ನಡಕ ತೆಗೆದಿಟ್ಟಿದ್ಲು" ಎಂದರು ಬೆಳಗ್ಗೆ, ನಾನು ಏನೂ ಕೇಳುವ ಮೊದಲೇ. "ಕತ್ತಲೆ ಬೇರೆ. ಯಾರಿಗಾದ್ರೂ ಹಾಗೇ ಆಗತ್ತೆ."

ನಾನು ಸಂಧ್ಯಾವಂದನೆಗೆ ಕುಳಿತೆ. ಲಂಗರಿನ ಸರಪಳಿಗೆ ಕಟ್ಟಿದ ದೋಣಿ ಗಾಳಿಗೂ ಸೆಳವಿಗೂ ತಿರುಗುತ್ತಲೇ ಇರುತ್ತದೆ. ಪೂರ್ವಕ್ಕೆ ಮುಖ ಮಾಡಿ ಸಂಕಲ್ಪ ಹೇಳಿದವನು ಜಪ ಮುಗಿಸಿ ಕಣ್ಣು ತೆರೆದರೆ ಎದುರಿಗೆ ಪಶ್ಚಿಮದ ನೀರು.

"ನಿನ್ನ ಪೂರ್ವ ದಿಕ್ಕಿಗೂ ಒಂದು ಲಂಗರು ಹಾಕ್ಬೇಕು ಕಣಯ್ಯ" ಎಂದು ಭಾವ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಒಳಗಿನಿಂದ ಅಕ್ಕ ಯಾರನ್ನೋ ಕರೆಯುತ್ತಿದ್ದಳು. ನನ್ನನ್ನು.

ಮರುದಿನ ಬ್ರೈಬಿ ದ್ವೀಪದ ಸೇತುವೆಯ ಕೆಳಗೆ ನುಸುಳಿ ಹಿನ್ನೀರಿಗೆ ಬಂದೆವು. ಗಾಳಿ ಇರಲಿಲ್ಲ. ಉಪ್ಪುನೀರಿನಲ್ಲಿ ಬೇರೂರಿದ ಕಾಂಡ್ಲಾ ಕಾಡಿನ ಅಂಚಿನಲ್ಲಿ ಕಪ್ಪು ಹಂಸಗಳು ತೇಲುತ್ತಿದ್ದವು. ದೂರದಲ್ಲಿ ಒಂಟಿ ಬೆಟ್ಟಗಳ ಸಾಲು ಕಾಣುತ್ತಿತ್ತು. ಅಕ್ಕ ಪ್ರಸನ್ನಳಾಗಿದ್ದಳು, ತಾನಾಗಿಯೇ ಚೌಚೌ ಕಾಯಿ ಹೆಚ್ಚಿಕೊಟ್ಟಳು. ಮಧ್ಯಾಹ್ನ ಅವಳು ಕೋಣೆಯೊಳಗೆ ಹೊರಟಾಗ ನನಗೊಂದು ಯೋಚನೆ ಹೊಳೆಯಿತು. ಮದುವೆಯ ಮನೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಕಾಡುವುದುಂಟು. ಹೆಂಗಸರು ಆ ಹೆಸರನ್ನು ಹೇಳಬಹುದಾದ ಸಂದರ್ಭ ಅದೊಂದೇ. ನಾನು ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತೆ.

"ಹೆಸರು ಹೇಳಿದ್ರೆ ದಾರಿ, ಇಲ್ದಿದ್ರೆ ಇಲ್ಲ ಅಕ್ಕ."

ಅಕ್ಕನ ಮುಖ ಕೆಂಪಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಥೂ, ಹೋಗೋ! ಈ ವಯಸ್ಸಲ್ಲಿ ನಿಂದೊಂದು ತಮಾಷೆ."

"ಹೇಳೇ, ಯಾರೂ ಕೇಳಿಸ್ಕೊಳಲ್ಲ."

"ಕೇಳಿಸ್ಕೋತಾರೆ" ಎಂದು ಪಿಸುಗುಟ್ಟಿ, ನನ್ನ ತೋಳಿನ ಕೆಳಗೆ ತೂರಿ ಒಳಗೆ ಹೋದಳು.

ಚುಕ್ಕಾಣಿಯ ಬಳಿ ಭಾವ ತೊಡೆ ತಟ್ಟಿಕೊಂಡರು. "ನೋಡಿದ್ಯಾ! ಗೊತ್ತಿದೆ ಅವಳಿಗೆ. ನಾಚಿಕೆ ಪಟ್ಲು, ನೋಡಿದ್ಯಾ? ಗೊತ್ತಿಲ್ದೆ ಇದ್ರೆ ಯಾಕೆ ನಾಚ್ಕೋತಾಳೆ?" ಆಗಲೇ ಮಗಳಿಗೆ ಫೋನ್ ಹಚ್ಚಿ, ಆ ರೂಮನ್ನು ಬಿಟ್ಟುಬಿಡಲು ಹೇಳಿದರು. "ಅಪ್ಪಾ, ಟ್ರಿಪ್ ಮುಗೀಲಿ, ಪ್ಲೀಸ್" ಎಂದಳಂತೆ ಅವಳು. ಆ ಸಂಜೆ ಭಾವ ಅಕ್ಕನಿಗೆ ಇಷ್ಟವೆಂದು ಸಜ್ಜಿಗೆ ಮಾಡಿದರು. ತುಪ್ಪ ಸ್ವಲ್ಪ ಹೆಚ್ಚೇ ಆಗಿತ್ತು. ನನಗೂ ನಂಬಿಕೆ ಬಂದಿತ್ತು. ದೇವರು ಕೈಬಿಟ್ಟಿಲ್ಲವೆಂದುಕೊಂಡೆ.

ಬೆಳಗ್ಗೆ ರೇಡಿಯೋ ಕೂಗಿತು. ಕಡಲಿನಲ್ಲಿ ಕಷ್ಟಕ್ಕೆ ಸಿಕ್ಕವರಿಗೆ ನೆರವಾಗುವ ಸ್ವಯಂಸೇವಕರ ಕೇಂದ್ರವೊಂದು ದಂಡೆಯಲ್ಲಿದೆ. ಅಲ್ಲಿನ ಮುದುಕರೊಬ್ಬರು ದಿನವೂ ನಮ್ಮ ಕ್ಷೇಮ ವಿಚಾರಿಸುತ್ತಿದ್ದರು. ಭಾವನನ್ನು ಬಹಳ ವರ್ಷಗಳಿಂದ ಬಲ್ಲವರು, ಅಲ್ಲಿಯ ವಾಡಿಕೆಯಂತೆ ಬರೀ ಹೆಸರಿನಿಂದ ಕರೆಯುವವರು. ಅಂದೂ ಹೆಸರು ಹಿಡಿದೇ ಕರೆದು, ದಿನ ಚೆನ್ನಾಗಿದೆ, ಹಾಯಾಗಿ ಹೋಗಿ ಬನ್ನಿ ಎಂದರು. ರೇಡಿಯೋ ಪಕ್ಕದಲ್ಲಿ ಅಕ್ಕ ಉಪ್ಪಿಟ್ಟು ತಿನ್ನುತ್ತ ಕೇಳಿಸಿಕೊಂಡಳು. ಭಾವ ಲಂಗರು ಎತ್ತಲು ದೋಣಿಯ ಮುಂತುದಿಗೆ ಹೋದರು.

ಅಕ್ಕ ತಟ್ಟೆ ಕೆಳಗಿಟ್ಟು, ಎದ್ದು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಆಮೇಲೆ ಭಾವನ ಹೆಸರು ಹಿಡಿದು ಕರೆದಳು. ಸ್ಪಷ್ಟವಾಗಿ, ಸರಾಗವಾಗಿ, ಮನೆಗೆಲಸದವನನ್ನು ಕರೆಯುವಂತೆ.

"ಏಯ್, ಕೇಳಿಸ್ತೇನೋ? ನಮ್ಮನೆಯವರು ಇನ್ನೂ ಬರ್ಲಿಲ್ಲ. ದಡದ ಮೇಲೆ ಎಲ್ಲಾದ್ರೂ ಕಾಣ್ತಾರಾ ನೋಡೋ."

ಭಾವ ಬಗ್ಗಿದ್ದವರು ಹಾಗೆಯೇ ನಿಂತರು. ಸರಪಳಿ ಕೈಯಲ್ಲಿತ್ತು, ಅದರಿಂದ ಕೆಸರು ನೀರಿಗೆ ತೊಟ್ಟಿಕ್ಕುತ್ತಿತ್ತು. ನಿಧಾನವಾಗಿ ದಂಡೆಯ ಕಡೆ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, ನಿಜವಾಗಿಯೂ ನೋಡಿದರು.

"ಇನ್ನೂ ಕಾಣಿಸ್ತಿಲ್ಲ ಅಮ್ಮಾ. ಬರ್ತಾರೆ."

"ಬಂದ ತಕ್ಷಣ ಹೇಳು" ಎಂದು ಅಕ್ಕ ಮತ್ತೆ ಕುಳಿತು ಉಪ್ಪಿಟ್ಟಿಗೆ ಕೈ ಹಾಕಿದಳು.

ಭಾವ ಕೈ ತೊಳೆದು ಬಂದು ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿದರು.

"ಇನ್ನೊಂದು ದಿನ ನೋಡೋಣ ಭಾವ" ಎಂದೆ. "ಒಂದು ಗಳಿಗೆ ಹಾಗಾಗಿರಬಹುದು. ನಿನ್ನೆ ನೋಡಿದಿರಲ್ಲ."

"ಬೇಡ. ಪರ್ತ್‌ಗೆ ಫೋನ್ ಮಾಡು, ನನ್ನ ಕೈಲಾಗಲ್ಲ." ಬಹಳ ದೂರ ಸಾಗಿದ ಮೇಲೆ, ನೀರಿನ ಕಡೆ ನೋಡುತ್ತಲೇ ಹೇಳಿದರು: "ನನ್ನ ಹೆಸರು ಹೇಳಿದ್ಲು ಕಣಯ್ಯ ಅವಳು."

ನಾನು ಪರ್ತ್‌ಗೆ ಫೋನ್ ಹಚ್ಚಿದೆ.

ಅಕ್ಕ ಈಗ ಪರ್ತ್‌ನಲ್ಲಿದ್ದಾಳೆ. ಭಾವ ಫಾರೆಸ್ಟ್ ಲೇಕ್‌ನ ಮನೆ ಮಾರಿ ಮಗಳ ಮನೆಗೆ ಹೋದರು. ದೋಣಿಯೂ ಕೈಬಿಟ್ಟಿತು. ಪ್ರತಿ ಮಧ್ಯಾಹ್ನ ಅವರು ಕೇರ್ ಹೋಮಿಗೆ ಹೋಗಿ ಅಕ್ಕನೆದುರು ಕುರ್ಚಿ ಹಾಕಿಕೊಳ್ಳುತ್ತಾರೆ. ಕೆಲವೊಮ್ಮೆ ಅಕ್ಕ ಹೆಸರು ಹಿಡಿದು ಕರೆದು ಯಜಮಾನರ ಸುದ್ದಿ ಕೇಳುತ್ತಾಳೆ. ಬರುತ್ತಿದ್ದಾರೆ ಎಂದು ಅವರು ಹೇಳುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಎದ್ದು ಹೊರಗೆ ಬಂದು, ಮೋಟಾರು ವಾಹನಗಳು ನಿಲ್ಲುವ ಜಾಗದಲ್ಲಿ ಬಿಸಿಲಿಗೆ ನಿಂತುಬಿಟ್ಟೆ. ಅಡಿಲೇಡಿಗೆ ಮರಳಿದ ಮೇಲೂ ಜಪಕ್ಕೆ ಕೂರುತ್ತೇನೆ. ಭಗವಂತನ ನಾಮಗಳನ್ನು ಹೇಳುವಾಗ ನಡುವೆ ನಾಲಗೆ ನಿಲ್ಲುತ್ತದೆ. ಕರೆದವರನ್ನು ಅವನು ಗುರುತಿಸುತ್ತಾನೆಂದು ಚಿಕ್ಕಂದಿನಿಂದ ನಂಬಿದ್ದೆ. ಈಗ ನಂಬಿದ್ದೇನೆಂದು ಹೇಳಿದರೆ ಸುಳ್ಳಾದೀತು. ರೂಢಿಯಿಂದ ಹೇಳುತ್ತೇನೆ, ಬಿಡಲು ಧೈರ್ಯವಿಲ್ಲ.

ಆದರೂ ಹಿರಿಯನಾದವನು ಹರಸದೆ ಬರಹವನ್ನು ಮುಗಿಸಬಾರದು. ದಂಡೆಯಲ್ಲಿ ಕುಳಿತು ಕಾಣದವರ ಕ್ಷೇಮ ಕೇಳುತ್ತಿದ್ದ ಆ ಮುದುಕರಿಗೆ ಆರೋಗ್ಯವಿರಲಿ. ನಮ್ಮ ಪದ್ಧತಿ ತಿಳಿಯದೆ ಪ್ರಶ್ನೆ ಕೇಳಿದ ಯುವ ವೈದ್ಯೆಗೆ ಒಳ್ಳೆಯದಾಗಲಿ, ಅವಳದೇನೂ ತಪ್ಪಿಲ್ಲ. ಪರರ ತಾಯಿಯ ತಲೆ ಬಾಚಿ ಕುಂಕುಮವಿಡಲು ಕಲಿತ ಪರ್ತ್‌ನ ದಾದಿಯರ ಕೈಗಳು ನೋಯದಿರಲಿ. ತಂದೆಯ ಮುಖ ನೋಡಲಾರದೆ ಅಡಿಗೆಮನೆಯಲ್ಲಿ ನಿಂತು ಅಳುವ ಅಕ್ಕನ ಮಗಳಿಗೆ ಸಮಾಧಾನ ಸಿಗಲಿ. ಭಾವ ನನಗಿಂತ ಹಿರಿಯರು, ಅಕ್ಕನೂ ಹಿರಿಯಳು. ಅವರಿಬ್ಬರನ್ನು ಹರಸುವ ಅಧಿಕಾರ ನನಗಿಲ್ಲ, ಕಾಲಿಗೆರಗುತ್ತೇನೆ. ಅವಳು ಕಾಯುತ್ತಿರುವವನು ಅವಳ ಎದುರಿಗೇ ಇದ್ದಾನೆಂದು, ಕಡೆಯ ಉಸಿರಿನ ಹೊತ್ತಿಗಾದರೂ, ಅವಳಿಗೆ ತಿಳಿಯಲಿ.