ಅರವತ್ತರ ಮೇಲೆ ಹೋಗಬೇಡ ಅಂದಿದ್ದರು ಚಾಚಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ಕ್ಯಾಮೆರಾದ್ದಲ್ಲ, ರೀಲಿನದ್ದಲ್ಲ, ಮಿರಜಿನ ಕಲರ್ ಲ್ಯಾಬಿನದ್ದೂ ಅಲ್ಲ. ನನ್ನದು. ನೂರಕ್ಕೆ ನೂರು ನನ್ನದು. (ಜನ್ಮದಲ್ಲಿ ನನಗೆ ನೂರಕ್ಕೆ ನೂರು ಬಿದ್ದದ್ದು ಇದೊಂದರಲ್ಲೇ.)

ನನಗೆ ಬರುವ ವಿದ್ಯೆ ಒಂದೇ ಅಂತ ನಿಮಗೆ ಗೊತ್ತು: ಮಂದಿಯ ನಕಲು ಮಾಡೋದು. ಬಸ್ ಕಂಡಕ್ಟರ್, ಹೆಡ್‌ಮಾಸ್ತರು, ನಮ್ಮಪ್ಪ, ಯಾರನ್ನೂ ಬಿಟ್ಟಿಲ್ಲ. ಕುಡಚಿ ಸ್ಟೇಷನ್ ರೋಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ದಸ್ತಗೀರ ಚಾಚಾ ಅಂತೂ ನನ್ನ ಖಾಯಂ ಐಟಂ. ಒಂದು ಕಣ್ಣು ಮುಚ್ಚಿ, ಕುತ್ತಿಗೆ ವಾರೆ ಮಾಡಿ, "ಗದ್ದ ಮ್ಯಾಲ ಮಾಡ್ರಿ... ಕೆಳಗ... ಅಷ್ಟ ಅಲ್ರಿ... ಹಾಂ, ನಗ್ರಿ, ಹಲ್ಲ ಬ್ಯಾಡ್ರಿ!" ಅಂದರೆ ಇಡೀ ಓಣಿ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಆ ನಗುವೇ ನನ್ನ ತಲೆ ಕೆಡಿಸಿತು. ಚಾಚಾನ ಹಾಗೆ ಕೆಮ್ಮಲು ಬಂದರೆ ಚಾಚಾನ ಹಾಗೆ ಫೋಟೋ ತೆಗೆಯಲೂ ಬಂತು ಅಂದುಕೊಂಡೆ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ರಾಯಬಾಗದಲ್ಲಿ ನಮ್ಮ ಪಕ್ಕದ ಮನೆಯ ಸುನಂದಕ್ಕ ದೀಕ್ಷೆ ತೆಗೆದುಕೊಂಡಳು. ನನಗೆ ಗಣಿತ ಹೇಳಿಕೊಡಲು ಹೋಗಿ ಸೋತವಳು. (ಅವಳ ವೈರಾಗ್ಯಕ್ಕೆ ನಾನೇ ಕಾರಣ ಅಂತ ನಮ್ಮವ್ವನ ಅಂಬೋಣ.) ಜೈನರಲ್ಲಿ ಆರ್ಯಿಕೆ ಆಗುವುದೆಂದರೆ ಸುಮ್ಮನೆ ಅಲ್ಲ. ಮನೆ ಬಿಡಬೇಕು, ಚಪ್ಪಲಿ ಬಿಡಬೇಕು, ಮೈಮೇಲೆ ಒಂದೇ ಬಿಳಿ ಸೀರೆ. ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಳ್ಳಬೇಕು. ಅವತ್ತಿನಿಂದ ಹೆತ್ತ ತಾಯಿಯೂ ಕೈ ಮುಗಿಯುವ ಸಾಲಿನಲ್ಲಿ ಒಬ್ಬಳು, ಅಷ್ಟೇ.

ತಾಯಿ ಚಂಪಾ ಕಾಕು ಒಂದು ವರ್ಷ ಅತ್ತು, ಆಮೇಲೆ ಹೂಂ ಅಂದಿದ್ದರು. ಕೇಳಿದ್ದು ಒಂದೇ ಒಂದು. "ಜಡಿ ಇದ್ದಾಗ ಆಕೀದೂ ನಂದೂ ಕೂಡೆ ಒಂದ ಫೋಟೋ ಬೇಕ್ರೀ. ಈ ಮನ್ಯಾಗ ನಾವಿಬ್ರ ಕೂಡಿದ್ದ ಒಂದೂ ಇಲ್ಲ. ಕುಡಚಿ ಚಾಚಾನ್ನ ಕರಸ್ರಿ."

ಆಗ ಈ ಮಹಾಶಯ, ಅಂದರೆ ನಾನು, ಎದ್ದು ನಿಂತೆ. "ಚಾಚಾ ಯಾಕ ಕಾಕು? ನಾ ಇಲ್ಲೇನು?"

ಪುಣೆಯ ಮಾಮಾ ತನ್ನ ಹಳೆಯ ಕ್ಯಾಮೆರಾ ನನಗೆ ಕೊಟ್ಟು ಆಗ ಬರೀ ಎಂಟು ದಿನ. ರೀಲು ಹಾಕಿಸಿಕೊಳ್ಳಲು ಚಾಚಾನ ಹತ್ತಿರವೇ ಹೋದೆ. ನನ್ನಿಂದ ತನ್ನ ಕೆಲಸ ತಪ್ಪಿತೆಂದು ಗೊತ್ತಿದ್ದೂ ಆ ಮನುಷ್ಯ ಕೂರಿಸಿಕೊಂಡು ಪಾಠ ಹೇಳಿದ.

"ದೇಖ್ ಬೇಟಾ. ರೀಲ ಅಂದ್ರ ಹೊಲ, ಬೆಳಕಂದ್ರ ನೀರ. ಈ ಲೆನ್ಸಿನ ಕಿಂಡಿ ಐತಲ್ಲ, ಇದು ತೂಬು. ಈ ಶಟರ್ ಅಂದ್ರ ಎಷ್ಟ ಹೊತ್ತ ನೀರ ಬಿಡ್ತಿ ಅನ್ನೂದು. ತೂಬ ದೊಡ್ಡದ ತಗದಿ, ಲಗೂನ ಮುಚ್ಚು. ಸಣ್ಣದ ತಗದಿ, ಜರಾ ತಡಿ. ಕಡಿಮಿ ಆದ್ರ ಹೊಲ ಒಣಗತೈತಿ, ಫೋಟೋ ಕರ್ರಗ. ಹೆಚ್ಚಾದ್ರ ಕೊಚ್ಚಿ ಹೋಗತೈತಿ, ಬೆಳ್ಳಗ."

"ತಿಳೀತ್ರಿ ಚಾಚಾ."

"ಏನ ತಿಳೀತು? ಕಿಂಡಿ ನಂಬರ್ ದೊಡ್ಡದಾದಷ್ಟ ಕಿಂಡಿ ಸಣ್ಣದು, ಅದ ಉಲ್ಟಾ ಐತಿ. ಬಿಸಲಾಗ ಕಿಂಡಿ ಹದಿನಾರು, ಶಟರ್ ನೂರಾ ಇಪ್ಪತ್ತೈದು. ಮನ್ಯಾಗ ಫ್ಲ್ಯಾಶ್ ಹಾಕಿದಿ ಅಂದ್ರ ಶಟರ್ ಅರವತ್ತು, ಅಂದ್ರ ಸೆಕೆಂಡಿನ ಅರವತ್ತನೇ ಪಾಲು. ಅರವತ್ತರ ಮ್ಯಾಲ ಹೋಗಬ್ಯಾಡ. ಖುದಾ ಕಸಮ್, ಹೋಗಬ್ಯಾಡ!"

ನಾನು ಕೇಳಿದೆನೆ? ಎಲ್ಲಿ! "ಖುದಾ ಕಸಮ್" ಅನ್ನುವಾಗ ಚಾಚಾನ ಗಂಟಲ ಮಣಿ ಹೇಗೆ ಮೇಲೆ ಹೋಗಿ ಕೆಳಗೆ ಬಂತು ಅಂತ ನೋಡುತ್ತಿದ್ದೆ. ಸಂಜೆ ಓಣಿಯಲ್ಲಿ ಆ ಪಾಠ ಪೂರ್ತಿ ಮಾಡಿ ತೋರಿಸಿದೆ. ಒಂದು ಅಕ್ಷರ ತಪ್ಪಲಿಲ್ಲ. ಒಂದು ಅಕ್ಷರ ತಲೆಗೂ ಹೋಗಲಿಲ್ಲ.

ದೀಕ್ಷೆಯ ದಿನ ಬೆಳಿಗ್ಗೆ. ಒಳಗಿನ ಖೋಲಿ, ಮಬ್ಬು ಬೆಳಕು. ಹಸಿರು ರೇಷ್ಮೆ ಸೀರೆ, ಸೊಂಟದ ತನಕ ಜಡೆ, ಮದುಮಗಳ ಹಾಗೆ ಸುನಂದಕ್ಕ. ಪಕ್ಕದಲ್ಲಿ ಅಂಟಿ ಕೂತ ಕಾಕು. ಫ್ಲ್ಯಾಶ್ ಸಿಕ್ಕಿಸಿದೆ. ಶಟರ್ ಗಾಲಿ ತಿರುಗಿಸುವಾಗ ನನ್ನ ಬುದ್ಧಿ ಏನೆಂದಿತು ಗೊತ್ತೆ? ಅರವತ್ತಂದರೆ ಬರೇ ಫಸ್ಟ್ ಕ್ಲಾಸ್. ನೂರಾ ಇಪ್ಪತ್ತೈದು ಇರುವಾಗ ಅರವತ್ತು ಯಾಕೆ? ಇಂಥ ದಿನ ಕಂಜೂಸಿ ಮಾಡಬಾರದು.

ಮೂರು ಸಲ ಹೊಡೆದೆ. ಸುನಂದಕ್ಕ ಕೇಳಿದಳು, "ಬಂತೇನೋ ಖರೇನ?"

"ಅಕ್ಕಾ, ನೀ ಲೆಕ್ಕದಾಗ ನನ್ನ ನಂಬಲಿಲ್ಲ. ಇದರಾಗರ ನಂಬು!"

ಮಂಟಪದಲ್ಲಿ ಸಾವಿರಾರು ಮಂದಿ ಕೂತಿದ್ದರು. ಅಕ್ಕ ಕೂದಲು ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡಳು, ಒಂದು ಹಿಡಿ ಕೂದಲು ಹಿಡಿದಳು, ಕಿತ್ತಳು. ಮತ್ತೊಂದು ಹಿಡಿ. ಮುಖ ಒಂಚೂರು ಗಂಟಿಕ್ಕಲಿಲ್ಲ. ಅಷ್ಟು ಮಂದಿಯಲ್ಲಿ ಒಂದು ಕೂಸೂ ಅಳಲಿಲ್ಲ. ನನ್ನ ಕೊರಳಲ್ಲಿ ಕ್ಯಾಮೆರಾ ಇತ್ತು, ಬೆರಳು ಏಳಲಿಲ್ಲ. ಜಗತ್ತಿನಲ್ಲಿ ಯಾರ ನಕಲನ್ನಾದರೂ ಮಾಡುತ್ತೇನೆ ಅಂತ ಮೆರೆಯುವ ನನಗೆ ಅವತ್ತು ತಿಳಿಯಿತು, ಈ ಒಬ್ಬಳದು ಆಗದು.

ಎಂಟು ದಿನಕ್ಕೆ ಪ್ರಿಂಟ್ ಬಂದವು. ಬಿಸಿಲಿನವು ಚಂದ ಬಂದಿದ್ದವು. ಮಂಟಪಕ್ಕೆ ಹೋಗುವ ಮೆರವಣಿಗೆಯಲ್ಲಿ ಅಕ್ಕ ದೂರದಲ್ಲಿ, ಜನರ ನಡುವೆ. ಖೋಲಿಯೊಳಗಿನ ಮೂರೂ? ಎಡಕ್ಕೆ ಚಂಪಾ ಕಾಕು ಸ್ಪಷ್ಟ, ಸೀರೆಯ ಅಂಚು ಸಹಿತ. ಬಲಕ್ಕೆ ಡಾಂಬರು ಬಳಿದಂತೆ ಕಪ್ಪು. ಅಕ್ಕ ಇಲ್ಲವೇ ಇಲ್ಲ.

ಕುಡಚಿಗೆ ಓಡಿದೆ. ಚಾಚಾ ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕ್ಯಾಮೆರಾದ ಬೆನ್ನು ತೆರೆದು, "ನೋಡ" ಅಂದ. ಒಳಗೆ ಏನಿತ್ತು ಹೇಳಿ? ಅರಿವೆ! ಛತ್ರಿಯ ಬಟ್ಟೆಯಂಥ ಕರಿ ಅರಿವೆ.

"ಇಂಥವ ಎರಡ ಪರದೆ ಅದಾವ. ಕಬ್ಬಿಗೆ ನೀರ ಹಾಸುವಾಗ ಮುಂದಿನಾಂವ ಬದು ಒಡಕೋತ ಹೋಗತಾನ, ಹಿಂದಿನಾಂವ ಕಟಗೋತ ಬರತಾನ, ಹೌದಿಲ್ಲೋ? ಅರವತ್ತಕ್ಕ ಇಟ್ಟಿ ಅಂದ್ರ ಮುಂದಿನಾಂವ ಹೊಲದ ಕಡೀತನ ಮುಟ್ಟಿರತಾನ, ಹಿಂದಿನಾಂವ ಇನ್ನೂ ಹೊಂಟಿರೂದಿಲ್ಲ. ಇಡೀ ಹೊಲ ತೆರದಿರತೈತಿ. ಆವಾಗ ಫ್ಲ್ಯಾಶ್ ಮಿಂಚತೈತಿ. ನೀ ನೂರಾ ಇಪ್ಪತ್ತೈದಕ್ಕ ಇಟ್ಟಿ. ಹಿಂದಿನಾಂವ ಅವಸರ ಮಾಡಿ ಅರ್ಧಾ ಹೊಲ ಕಟ್ಟೇ ಬಿಟ್ಟಿದ್ದ. ಮಿಂಚ ಏನ ಮಾಡೀತು ಪಾಪ?"

ರೆಪ್ಪೆ ಅರ್ಧ ಮುಚ್ಚುವಷ್ಟರಲ್ಲಿ ಆ ಅಂಗೈಯಗಲದ ಡಬ್ಬಿಯೊಳಗೆ ಎರಡು ಪರದೆ ಒಂದನ್ನೊಂದು ಬೆನ್ನಟ್ಟಿ, ನಡುವೆ ಒಂದು ಮಿಂಚು ಹೊಡೆದು, ಎಲ್ಲ ಮುಗಿದಿರುತ್ತದೆ! ಇದನ್ನು ಚಾಚಾ ಮೂವತ್ತು ವರ್ಷದಿಂದ ಕಾಣುತ್ತಿದ್ದಾನೆ, ಕಣ್ಣಿಗೆ ಕಾಣದ್ದನ್ನು. ನಾನು ಕಂಡಿದ್ದು ಅವನ ವಾರೆ ಕುತ್ತಿಗೆ ಮಾತ್ರ. ನಕಲು ಮಾಡುವವನಿಗೆ ಎಲ್ಲ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಹೀಗೇ ಡಾಕ್ಟರು, ಮಾಸ್ತರು, ಮುಖಂಡರು ಆಗಿಲ್ಲ ಹೇಳಿ? (ಅಂಕಣಕಾರರನ್ನು ಬಿಟ್ಟುಬಿಡಿ, ಹೊಟ್ಟೆಪಾಡು.)

ಪರಿಹಾರವನ್ನೂ ಚಾಚಾನೇ ಹೇಳಿದ. ಅದನ್ನು ಹೊತ್ತುಕೊಂಡು ಕಾಕು ಮುಂದೆ ನಿಂತೆ. ಕಾಕು ಚಾಳೀಸು ಮೂಗಿಗೇರಿಸಿ ಫೋಟೋ ಹಿಡಿದರು. ಬೆರಳು ಫೋಟೋದ ಮೇಲೆ ಸರಿದು ಸರಿದು, ಬೆಳಕು ಕತ್ತಲು ಕೂಡುವಲ್ಲಿ ನಿಂತಿತು.

ಅಲ್ಲಿ ಒಂದು ಕೈ ಇತ್ತು. ಹಸಿರು ಬಳೆಯ ಕೈ. ಕತ್ತಲೆಯಿಂದ ಹೊರಗೆ ಬಂದು, ಕಾಕು ತೊಡೆಯ ಮೇಲೆ, ಕಾಕು ಬೆರಳನ್ನು ಗಟ್ಟಿಯಾಗಿ ಹಿಡಿದಿತ್ತು. ಅದನ್ನು ನಾನೂ ನೋಡಿರಲಿಲ್ಲ, ಚಾಚಾನೂ ನೋಡಿರಲಿಲ್ಲ.

ನಾನು ಗಡಬಡಿಸಿ ಅಂದೆ, "ಕಾಕು, ಚಿಂತಿ ಮಾಡಬ್ಯಾಡ್ರಿ. ಮೆರವಣಿಗಿ ಫೋಟೋದಾಗಿನ ಅಕ್ಕನ ಕತ್ತರಿಸಿ ಇಲ್ಲೆ ಜೋಡಿಸಿ ಕೊಡತೀನಿ ಅಂದಾರ ಚಾಚಾ. ಯಾರಿಗೂ ಗೊತ್ತಾಗೂದಿಲ್ಲ."

ಕಾಕು ಫೋಟೋವನ್ನು ಸೆರಗಿನೊಳಗೆ ಸರಿಸಿಕೊಂಡರು.

"ಆಕಿ ಮಾರಿ ನನಗ ಕಣ್ಣ ಮುಚ್ಚಿದ್ರೂ ಕಾಣತೈತಿ. ನನ್ನ ಕೈ ಇಷ್ಟ ಬಿಗಿ ಹಿಡದಿದ್ಲು ಅನ್ನೂದ ನಾ ನೋಡಿದ್ದಿಲ್ಲ. ಇದಕ್ಕ ಕತ್ತರಿ ಮುಟ್ಟಿಸಿದಿ ಅಂದ್ರ ನೋಡ ಮತ್ತ!"