ಹುಲಿಗೆವ್ವನಿಗೆ ಕೇಳಿಸಿದ ಸದ್ದು

ಹುಲಿಗೆವ್ವ ಕುಷ್ಟಗಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಊರಲ್ಲಿ ಹಿಟ್ಟಿನ ಗಿರಣಿ ನಡೆಸಿದ್ದಳು. ಮೈದುನ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಬೀಗ ಬದಲಿಸಿದ. ಮಾರನೇ ದಿನ ಬಸ್ಸು ಹತ್ತಿ ಬೆಂಗಳೂರಿಗೆ ಬಂದವಳು ಬಿಟಿಎಂ ಲೇಔಟಿನಲ್ಲಿ ನಮ್ಮ ಮನೆ ಮೇಲಿನ ಶೀಟಿನ ರೂಮಿಗೆ ಬಾಡಿಗೆಗೆ ಸೇರಿಕೊಂಡಳು. ಡ್ರೈವಿಂಗ್ ಕಲಿತು, ಮೂವತ್ತೆಂಟನೇ ವಯಸ್ಸಿನಲ್ಲಿ ಒಂದು ಎಲೆಕ್ಟ್ರಿಕ್ ಟ್ಯಾಕ್ಸಿ ಕಂಪನಿಯ ಡ್ರೈವರ್ ಆದಳು.

ಎರಡು ವರ್ಷ ಒಂದು ತಕರಾರಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಜೋರು ಮಳೆ ಹುಯ್ದ ದಿನ ಬಿಳೇಕಹಳ್ಳಿಯಲ್ಲಿ ರಸ್ತೆ ತುಂಬ ನೀರು ನಿಂತಿತ್ತು. ಆಚೆ ಬದಿಯಲ್ಲಿ ಗಿರಾಕಿ ಕಾಯುತ್ತಿದ್ದರು. ಬುಕಿಂಗ್ ಬಿಡಲೇ ಎಂದು ಸೂಪರ್‌ವೈಸರ್ ತಿರುಮಲೇಶನಿಗೆ ಫೋನ್ ಮಾಡಿದಳು.

"ಕ್ಯಾನ್ಸಲ್ ಮಾಡಂಗಿಲ್ಲ ಮೇಡಂ. ನಿಧಾನಕ್ಕೆ ಇಳಿಸಿ, ಏನಾಗಲ್ಲ," ಎಂದ.

ಇಳಿಸಿದಳು. ನೀರು ಬಾಗಿಲಿನ ಅಂಚು ಮುಟ್ಟಿತು.

ಎರಡು ವಾರ ಕಳೆಯುವಷ್ಟರಲ್ಲಿ ಕಾರಿನ ಮುಂದುಗಡೆ ಗರಗರ ಶುರುವಾಯಿತು. ಪೆಟ್ರೋಲ್ ಗಾಡಿಯಾಗಿದ್ದರೆ ಇಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು. ಇದು ಸದ್ದೇ ಇಲ್ಲದ ಗಾಡಿ, ಗಿರಾಕಿಗಳಿಗೂ ಕೇಳಿಸತೊಡಗಿತು. ಅವಳು ಕಂಪನಿಯ ಆ್ಯಪಿನಲ್ಲಿ ದೂರು ಬರೆದಳು. ಜೆ.ಪಿ. ನಗರದ ಚಾರ್ಜಿಂಗ್ ಯಾರ್ಡಿಗೆ ಹೋಗಿ ತಿರುಮಲೇಶನಿಗೂ ಹೇಳಿದಳು.

"ಎಡಗಡೆ ಮುಂದಿನ ಗಾಲ್ಯಾಗ ಸದ್ದು ಬರಾಕತ್ತೈತ್ರಿ ಸರ್. ನೀವೊಂದ್ಸಲ ಕುಂತು ಕೇಳ್ರಿ."

"ಇಂಜಿನ್ನಿಲ್ಲ, ಗೇರಿಲ್ಲ. ಸದ್ದು ಎಲ್ಲಿಂದ ಬರುತ್ತೆ?" ತಿರುಮಲೇಶ ಚಾರ್ಜಿಂಗಿಗೆ ನಿಂತಿದ್ದ ಡ್ರೈವರುಗಳ ಕಡೆ ತಿರುಗಿದ. "ಹುಲಿ ಮೇಡಂ ತಲೇಲೇ ಗಿರಣಿ ಓಡ್ತಿದೆ ಕಣ್ರೋ!"

ಎಲ್ಲರೂ ನಕ್ಕರು. ಅಂದಿನಿಂದ ಅವಳ ಕಾರು ಗೇಟು ದಾಟಿದರೆ ಸಾಕು, ಯಾರಾದರೊಬ್ಬ "ಎರಡು ಕೆಜಿ ಜೋಳ ಬೀಸ್ಕೊಡಕ್ಕಾ" ಎಂದು ಕೂಗುತ್ತಿದ್ದ. ಯಾರ್ಡಿನ ಮೆಕ್ಯಾನಿಕ್ ಬೈರಣ್ಣ ಒಂದು ಸಲ ಪಕ್ಕದಲ್ಲಿ ಕೂತು ಬಂದ. ದಾರಿಯುದ್ದಕ್ಕೂ ಮೊಬೈಲ್ ನೋಡುತ್ತಿದ್ದವನು ಇಳಿದು "ನಾರ್ಮಲ್" ಎಂದು ಬರೆದ. ಅವಳ ದೂರುಗಳು ಐದಾದವು. ಗಿರಾಕಿಗಳು ಆ್ಯಪಿನಲ್ಲಿ ಕೊಡುವ ಸ್ಟಾರು ಕಡಿಮೆಯಾದವು.

ಕೊನೆಗೆ ತಾನೇ ನೋಡುವುದೆಂದು ನಿರ್ಧರಿಸಿದಳು. ಒಂದು ಭಾನುವಾರ ಬೆಳಿಗ್ಗೆ, ರಿಂಗ್ ರೋಡು ಖಾಲಿಯಿದ್ದಾಗ, ವೇಗ ಹಿಡಿದು ನ್ಯೂಟ್ರಲ್ಲಿಗೆ ಹಾಕಿದಳು. ಮೋಟಾರಿನ ಕೆಲಸ ನಿಂತರೂ ಗರಗರ ನಿಲ್ಲಲಿಲ್ಲ. ಕಾರು ನಿಧಾನವಾದಂತೆ ಸದ್ದೂ ನಿಧಾನವಾಯಿತು. ಹಾಗಾದರೆ ಮೋಟಾರಲ್ಲ. ಬ್ರೇಕು ಒತ್ತಿದಳು, ಸದ್ದು ಬದಲಾಗಲಿಲ್ಲ. ಬ್ರೇಕೂ ಅಲ್ಲ. ಸ್ಟಿಯರಿಂಗನ್ನು ಬಲಕ್ಕೆ ಎಳೆದಾಗ ಭಾರ ಎಡಗಾಲಿಯ ಮೇಲೆ ಬಿತ್ತು, ಸದ್ದು ಏರಿತು. ಎಡಕ್ಕೆ ಎಳೆದರೆ ಇಳಿಯಿತು. ಗಿರಣಿಯ ಬೇರಿಂಗ್ ನೀರು ಕುಡಿದು ಗ್ರೀಸ್ ಕಳೆದುಕೊಂಡಾಗ ಬರುತ್ತಿದ್ದದ್ದೂ ಇದೇ ಸದ್ದು. ಅವಳಿಗೆ ಇನ್ನು ಅನುಮಾನ ಉಳಿಯಲಿಲ್ಲ.

ಯಾರ್ಡಿಗೆ ಬಂದು ಬೈರಣ್ಣನ ಮುಂದೆ ನಿಂತಳು. "ಅಣ್ಣಾ, ಜಾಕ್ ಹಚ್ಚು. ಗಾಲಿ ನಾ ತಿರುವ್ತೀನಿ, ನೀ ಒಳಗಿನ ಸ್ಪ್ರಿಂಗ್ ಮ್ಯಾಲೆ ಕೈ ಇಡು. ಏನೂ ಆಗ್ಲಿಲ್ಲಂದ್ರ ಇನ್ನ ಈ ಮಾತs ಎತ್ತಾಂಗಿಲ್ಲ."

ಬೈರಣ್ಣ ಬೇಸರದಿಂದಲೇ ಜಾಕ್ ಹಾಕಿದ. ಅವಳು ಗಾಲಿ ತಿರುಗಿಸಿದಳು. ಸ್ಪ್ರಿಂಗ್ ಮೇಲಿಟ್ಟ ಕೈಗೆ ಮರಳು ಅರೆಯುವಂಥ ನಡುಕ ಹತ್ತಿತು. ಅವನ ಮುಖ ಬಿಗಿಯಿತು.

"ಬೇರಿಂಗ್ ಹೋಗಿದೆ ಕಣಮ್ಮ. ಇನ್ನು ನಾಕು ದಿನ ಓಡಿಸಿದ್ರೆ ಗಾಲಿ ಜಾಮ್ ಆಗಿರೋದು."

ಮಧ್ಯಾಹ್ನದ ಹೊತ್ತಿಗೆ ಹಳೇ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಹೊಸದನ್ನು ಕೂರಿಸಿದ. ಹಳೆಯದರ ಒಳಗಿಂದ ತುಕ್ಕು ಬೆರೆತ ಕಂದು ನೀರು ಇಳಿಯಿತು. ಹುಲಿಗೆವ್ವ ಯಾರ್ಡಿನಲ್ಲೇ ಎರಡು ಸುತ್ತು ಹೊಡೆದಳು. ಗಾಜು ಏರಿಸಿ ಕೇಳಿದಳು, ಇಳಿಸಿ ಕೇಳಿದಳು. ಏನೂ ಇಲ್ಲ. ಆ ಸಂಜೆ ಮನೆಗೆ ಬಂದು ನಮಗೆಲ್ಲ ಜಿಲೇಬಿ ಹಂಚಿದಳು. "ನಾ ಹೇಳಿದ್ದs ಖರೆ ಆತ್ರಿ," ಎಂದು ಮೂರು ಸಲ ಹೇಳಿದಳು.

ಮಂಗಳವಾರ ತಿರುಮಲೇಶ ಯಾರ್ಡಿಗೆ ಕರೆದು ಟೈಪು ಮಾಡಿದ ಹಾಳೆಯೊಂದನ್ನು ಮುಂದೆ ಹಿಡಿದ. ಡ್ರೈವರು ನೀರಿನಲ್ಲಿ ಗಾಡಿ ನುಗ್ಗಿಸಿದ್ದರಿಂದ ಬೇರಿಂಗ್ ಹಾಳಾಗಿದೆ ಎಂದಿತ್ತು. ಸದ್ದು ಗೊತ್ತಿದ್ದೂ ಮೂರು ವಾರ ಗಿರಾಕಿಗಳನ್ನು ಕೂರಿಸಿಕೊಂಡು ಓಡಿಸಿದ್ದಾರೆ ಎಂದೂ ಇತ್ತು. ಅದಕ್ಕೆ ಸಾಕ್ಷಿಯಾಗಿ ಅವಳೇ ಆ್ಯಪಿನಲ್ಲಿ ಬರೆದ ಐದು ದೂರುಗಳನ್ನು ತಾರೀಖಿನ ಸಮೇತ ಲಗತ್ತಿಸಿದ್ದರು. ಕೆಳಗೆ ಬೈರಣ್ಣನ ಸಹಿ.

"ನೀರಾಗ ಇಳಸು ಅಂದಾವ್ರು ನೀವs ಅಲ್ರೀ ಸರ್?"

"ಎಲ್ಲಿದೆ ರೆಕಾರ್ಡು? ನಾನು ನಿಧಾನಕ್ಕೆ ಅಂದಿದ್ದೆ."

ಅವಳು ಬೈರಣ್ಣನ ಕಡೆ ನೋಡಿದಳು. ಅವನು ಸ್ಪ್ಯಾನರ್ ಒರೆಸುತ್ತಿದ್ದ. "ನಂಗೂ ಮನೆ ಇದೆಯಮ್ಮ," ಎಂದ, ತಲೆ ಎತ್ತಲಿಲ್ಲ.

ಮಧ್ಯಾಹ್ನವೇ ಆ್ಯಪಿನಲ್ಲಿ ಅವಳ ಐಡಿ ಬ್ಲಾಕ್ ಆಯಿತು, ಕೆಲಸ ಹೋಯಿತು. ಅದೇ ಕಾರನ್ನು "ಜೋಳ ಬೀಸ್ಕೊಡಕ್ಕಾ" ಎನ್ನುತ್ತಿದ್ದವರಲ್ಲೇ ಒಬ್ಬನಿಗೆ ಕೊಟ್ಟರು.

ಒಂದು ತಿಂಗಳು ಅವಳು ಹೆಚ್ಚಾಗಿ ರೂಮಿನಲ್ಲೇ ಇದ್ದಳು. ಬೇರೆ ಕಂಪನಿಗಳು ಹಳೆಯದರಿಂದ ಪತ್ರ ತನ್ನಿ ಎಂದವು. ನವೆಂಬರಿನಲ್ಲಿ ತಿರುಮಲೇಶನೇ ಫೋನ್ ಮಾಡಿದ. ದನಿ ಬೆಣ್ಣೆಯಂತಿತ್ತು.

"ಒಂದು ಗಾಡಿ ಸಖತ್ ಸದ್ದು ಮಾಡ್ತಿದೆ ಮೇಡಂ, ಯಾರಿಗೂ ಸಿಗ್ತಿಲ್ಲ. ಬಂದು ಒಂಚೂರು ಕೇಳಿ. ನಿಮ್ಮ ಐಡಿ ವಿಷ್ಯ ಮೇಲಿನವ್ರ ಹತ್ರ ಮಾತಾಡ್ತೀನಿ."

ಹೋಗಬೇಡ ಎಂದೆ. ಅವಳು ಕಂಪನಿಯ ಅಂಗಿಯನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಹೋದಳು. ಹತ್ತು ನಿಮಿಷ ಕಾರು ಓಡಿಸಿ, ಹಿಂದಿನ ಬಲಗಾಲಿ ಬಿಚ್ಚಿಸಿದಳು. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಜಲ್ಲಿಕಲ್ಲೊಂದನ್ನು ತೋರಿಸಿದಳು. ಬೈರಣ್ಣ ಅದನ್ನು ಸ್ಕ್ರೂಡ್ರೈವರಿನಿಂದ ಕೆಡವಿದ. ತಿರುಮಲೇಶ ಕಲ್ಲನ್ನು ಅಂಗೈಯಲ್ಲಿಟ್ಟು ಫೋಟೋ ತೆಗೆದು, ತಾನೇ ಕಂಡುಹಿಡಿದೆನೆಂದು ಮೇಲಿನವರಿಗೆ ಕಳಿಸಿದ. ಅವಳು ಪಕ್ಕದಲ್ಲೇ ನಿಂತಿದ್ದಳು.

"ನನ್ನ ಐಡಿ, ಸರ್?"

"ನೋಡೋಣ ಮೇಡಂ. ಈಗ ನೀವು ಹೊರಡಿ, ಸ್ಟಾಫ್ ಅಲ್ಲದೋರು ಒಳಗೆ ಇರಂಗಿಲ್ಲ."

ಗೇಟಿನಲ್ಲಿ ಸೆಕ್ಯುರಿಟಿಯವನು ಅವಳನ್ನು ತಡೆದ. ಕಂಪನಿಯ ಅಂಗಿ ಹೊರಗಿನವರು ಹಾಕುವಂತಿಲ್ಲವಂತೆ, ಬಿಚ್ಚಿಟ್ಟು ಹೋಗಬೇಕಂತೆ. ಒಳಗೆ ಬನಿಯನ್ ಮಾತ್ರ ಇದೆ ಎಂದಳು. ಅವನು ಆಫೀಸಿನ ಕಡೆ ನೋಡಿದ. ಅಲ್ಲಿಂದ ತಿರುಮಲೇಶ ಬೇಡ ಎನ್ನಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಗುಂಡಿ ಬಿಚ್ಚಿದಳು. ಕೊರಳಲ್ಲಿದ್ದ ದುಪಟ್ಟವನ್ನು ಮೈಗೆ ಸುತ್ತಿಕೊಂಡು ಬಸ್ ಸ್ಟಾಪಿಗೆ ನಡೆದಳು.