ಅಕ್ಕಪಕ್ಕದ ಎರಡು ಸ್ಟಾಲು

ವಾಶಿಯ ಎಕ್ಸಿಬಿಷನ್ ಹಾಲಿನಲ್ಲಿ ನಡೆಯುವ ವ್ಯಾಪಾರ ಮೇಳಗಳಿಗೆ ಸ್ಟಾಲ್ ಹಾಕಿಸಿಕೊಡೋದು ನನ್ನ ಕೆಲಸ. ಆ ಸಲ ಥಾಯ್ಲೆಂಡ್, ಕಾಂಬೋಡಿಯಾ ಎರಡೂ ಅಕ್ಕಪಕ್ಕ ಬಂದುಬಿಟ್ಟವು. ಅಲ್ಲಿ ಎರಡೂ ದೇಶಗಳಿಗೆ ಜಗಳವಾಗಿ ಗಡಿ ಮುಚ್ಚಿ ವ್ಯಾಪಾರವೇ ನಿಂತಿದೆ ಅನ್ನೋದು ಜಾಗ ಹಂಚಿದ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ. ಇದ್ದ ಒಂದೇ ಪ್ಲಗ್ ಪಾಯಿಂಟ್ ಥಾಯ್ಲೆಂಡ್ ಕಡೆ. ಉದ್ಘಾಟನೆಗೆ ಇನ್ನೊಂದೇ ಗಂಟೆ, ಕಾಂಬೋಡಿಯಾ ಇನ್ನೂ ಕತ್ತಲಲ್ಲಿ.

"ನಮ್ಮ ಸ್ಟಾಲಿನಿಂದ ಅವರಿಗೆ ವೈರ್ ಎಳೆಯಬೇಡಿ," ಅಂದರು ಥಾಯ್ ವ್ಯಾಪಾರಿ.

"ಅವರ ಕಡೆಯಿಂದ ಬರೋ ಕರೆಂಟು ನಮಗೂ ಬೇಡ," ಅಂದರು ಕಾಂಬೋಡಿಯಾದ ಮೇಡಂ.

ಇಬ್ಬರೂ ಹೇಳಿದ್ದು ಕೈ ಮುಗಿದು, ನಗುನಗುತ್ತಾ. ಅಷ್ಟು ವಿನಯವಾಗಿ ಹಠ ಹಿಡಿಯೋರನ್ನ ಬೈಯೋದಾದರೂ ಹೇಗೆ?

"ನಮ್ ಚಾಳ್ನ್ಯಾಗ ಮಗ್ಗಲ ಮನಿಯವ್ರ ಜೋಡಿ ನಮಗ ಮಾತೇ ಇಲ್ರಿ ಮೇಡಂ. ಆದ್ರೂ ಮೀಟರ್ ಒಂದೇ ಅದ," ಅಂತ ನನ್ನ ಹತ್ತಿರ ಗೊಣಗುತ್ತಲೇ ನಮ್ಮ ಎಲೆಕ್ಟ್ರಿಷಿಯನ್, ಕಲಬುರಗಿಯ ಶರಣಪ್ಪ, ಇಡೀ ಹಾಲ್ ಸುತ್ತಿಸಿ ಬೇರೆ ವೈರ್ ಎಳೆದ. ಏಣಿ ಹಿಡಿದುಕೊಂಡು ಹಿಂದೆ ಹಿಂದೆ ಓಡಿದವಳು ನಾನು.

ಕೊನೆಗೂ ದೀಪ ಹತ್ತಿತು. ಇಬ್ಬರೂ ಮತ್ತೆ ಕೈ ಮುಗಿದರು. ಎರಡೂ ವೈರು ಹೊರಟಿದ್ದು ಹಾಲಿನ ಹಿಂದಿನ ಒಂದೇ ಸ್ವಿಚ್ ಬೋರ್ಡಿನಿಂದ ಅಂತ ನಾನು ಬಾಯಿ ಬಿಡಲಿಲ್ಲ. ನಾನೂ ಕೈ ಮುಗಿದೆ.